ರಸೆಲ್ ಬರೀ ಹಾವಿನ ಸಾಹೇಬರಲ್ಲ
ಹದಿನೆಂಟನೇ ಶತಮಾನದಲ್ಲಿ ನಮ್ಮ ದೇಶದ ಹಾವುಗಳ ಬಗ್ಗೆ ಪುಸ್ತಕ ಬರೆದ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ರಸೆಲ್ ಬಗ್ಗೆ ನಿಮ್ಮ ಲೇಖನ ನೋಡಿ ಖುಷಿ ಆಯ್ತು. ಆದರೆ ಲೇಖನದಲ್ಲಿ ಅವರನ್ನು ‘ಹಾವುಗಳ ಹಿಂದೆ ಬಿದ್ದ ಸಾಹೇಬ’ ಅಂತಷ್ಟೇ ಹೇಳಿ ಮುಗಿಸಿದ್ದು ಸರಿ ಅನಿಸಲಿಲ್ಲ. ಅವರು ಮೊದಲು ಡಾಕ್ಟರು. ಸಿರಿಯಾದ ಅಲೆಪ್ಪೋದಲ್ಲಿ 1760ರಿಂದ ಪ್ಲೇಗ್ ಹಬ್ಬಿದಾಗ ಅಲ್ಲೇ ಇದ್ದು ರೋಗಿಗಳನ್ನು ನೋಡಿದರು, ಕಂಡದ್ದನ್ನೆಲ್ಲ ಬರೆದಿಟ್ಟರು. ಅದು 1791ರಲ್ಲಿ ದೊಡ್ಡ ಪುಸ್ತಕವಾಗಿ ಬಂತು.

ವಿಶಾಖಪಟ್ಟಣಕ್ಕೆ ಬಂದ ಮೇಲೂ ಅದೇ ರೂಢಿ. ವಿಷದ ಹಾವು ಯಾವುದು, ಸಾದಾ ಹಾವು ಯಾವುದು ಅಂತ ಜನಕ್ಕೆ ಗೊತ್ತಾಗಲಿ ಅನ್ನೋದು ಅವರ ಕಾಳಜಿ. ಕೋಳಿ, ನಾಯಿಗಳಿಗೆ ಹಾವಿನಿಂದ ಕಚ್ಚಿಸಿ, ಎಷ್ಟು ಹೊತ್ತಿಗೆ ಏನಾಯಿತು ಅಂತ ಬರೆದುಕೊಂಡರು. ಪಾಪ, ಆ ಪ್ರಾಣಿಗಳನ್ನು ನೆನೆದರೆ ಸಂಕಟ ಆಗುತ್ತದೆ. ಆದರೆ ವಿಷಕ್ಕೆ ಸರಿಯಾದ ಮದ್ದು ಬಂದದ್ದೇ 1890ರ ದಶಕದಲ್ಲಿ. ಅಲ್ಲಿಯವರೆಗೆ ಹಾವನ್ನು ಗುರುತಿಸಿ ದೂರ ಇರೋದು ಬಿಟ್ಟರೆ ಜಾಸ್ತಿ ದಾರಿ ಇರಲಿಲ್ಲ, ಅಲ್ವಾ?

1796ರ ಅವರ ಪುಸ್ತಕದಲ್ಲಿ ಬಣ್ಣದ ಚಿತ್ರಗಳ ಜೊತೆ ಊರವರು ಕರೆಯುವ ಹೆಸರುಗಳೂ ಇವೆ. ನಮ್ಮ ಹೊಲಗದ್ದೆಗಳ ಕೊಳಕು ಮಂಡಲ ಅಲ್ಲಿ ‘ಕಾಟುಕ ರೇಕುಲ ಪೊಡ’. ಆಮೇಲೆ ಅದೇ ಹಾವಿಗೆ ರಸೆಲ್ ಹೆಸರು ಇಟ್ಟರು. ಅಲೆಪ್ಪೋದ ವರ್ಷಗಳ ಬಗ್ಗೆಯೂ ದಯವಿಟ್ಟು ಒಂದು ಲೇಖನ ಬರೆಯಿರಿ.