ತೂಕವಿಲ್ಲದ ಪ್ಯಾರಾಶೂಟು

ಭೂಮಿಯ ಮೇಲಿರುವ ಎಲ್ಲಕ್ಕೂ ತೂಕವಿದೆ ಅಂತ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಅಮೆರಿಕದ ವಿಮಾನಯಾನ ಇಲಾಖೆ 1982ರಲ್ಲಿ ಅದಕ್ಕೊಂದು ತಿದ್ದುಪಡಿ ತಂದಿತು. ಒಬ್ಬರೇ ಕೂರುವ, ಎಂಜಿನ್ ಇರುವ ಅಲ್ಟ್ರಾಲೈಟ್ ಎಂಬ ಪುಟ್ಟ ವಿಮಾನದ ಖಾಲಿ ತೂಕ 254 ಪೌಂಡ್, ಅಂದರೆ ಸುಮಾರು 115 ಕಿಲೋ ಮುಟ್ಟಬಾರದು. ಆದರೆ ಆಪತ್ತಿನಲ್ಲಿ ಬಿಚ್ಚಿಕೊಳ್ಳುವ ಸುರಕ್ಷಾ ಸಾಧನ, ಮುಖ್ಯವಾಗಿ ಇಡೀ ವಿಮಾನವನ್ನೇ ಹೊತ್ತು ಇಳಿಸುವ ಪ್ಯಾರಾಶೂಟ್, ಈ ಲೆಕ್ಕಕ್ಕೆ ಬರುವುದಿಲ್ಲ. ತಕ್ಕಡಿಯ ಮೇಲೆ ಇರುತ್ತದೆ, ಮುಳ್ಳನ್ನೂ ತಳ್ಳುತ್ತದೆ, ಕಾಗದದಲ್ಲಿ ಮಾತ್ರ ಇಲ್ಲ. ಆಮೇಲೆ ಬಂದ ಸುತ್ತೋಲೆ ಇನ್ನೂ ಉದಾರಿ: ಪ್ಯಾರಾಶೂಟ್ ಇಟ್ಟುಕೊಂಡಿದ್ದೀರಾ, ಹಾಗಾದರೆ 24 ಪೌಂಡ್ ವಿನಾಯಿತಿ, ಅದರ ನಿಜವಾದ ತೂಕದ ದಾಖಲೆಯೂ ಬೇಡ.

ಯುರೋಪಿನವರು ಲೆಕ್ಕದಲ್ಲಿ ಇನ್ನೂ ಚೊಕ್ಕ. ಬಹುಕಾಲ ಅಲ್ಲಿ ಇಬ್ಬರು ಕೂರುವ ವಿಮಾನ ಹೊರೆಯೆಲ್ಲ ಸೇರಿ 450 ಕಿಲೋ ಇರಬಹುದಿತ್ತು, ಪ್ಯಾರಾಶೂಟ್ ಹಾಕಿಸಿದರೆ 472.5. ಒಬ್ಬರದ್ದಾದರೆ 300 ಹೋಗಿ 315 ಆಗುತ್ತಿತ್ತು. ಎರಡೂ ಕಡೆ ಸರಿಯಾಗಿ ಶೇಕಡಾ 5. (ಈಚೆಗೆ ಬೇಕಾದ ದೇಶಗಳು 600 ಕಿಲೋವರೆಗೆ ಬಿಟ್ಟುಕೊಳ್ಳಬಹುದು ಎಂದಾಗಿದೆ, ಅಷ್ಟರಲ್ಲಿ ಒಂದು ತಲೆಮಾರು ಈ ಅರ್ಧ ಕಿಲೋ ಹಿಡಿದುಕೊಂಡೇ ಜಗಳವಾಡಿ ಮುಗಿದಿತ್ತು.)

ನಿಯಮ ಬರೆದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ತೂಕ ಹೆಚ್ಚಾಗುತ್ತದೆ ಅಂತ ಯಾರೂ ಪ್ರಾಣ ಉಳಿಸುವ ಸಾಧನ ಬಿಟ್ಟು ಹಾರಬಾರದು ಎಂಬುದು ಅವರ ಕಾಳಜಿ. ಆದರೆ ಅವರು ಚಾಪೆ ಹಾಸಿದರು, ನಮ್ಮ ವಿಮಾನಶಿಲ್ಪಿ ರಂಗೋಲಿಯ ಕೆಳಗೇ ತೂರಿದ.

ವಿಮಾನಶಿಲ್ಪಿ ಅಂದರೆ ಗ್ಯಾರೇಜಿನಲ್ಲಿ ಅಲ್ಯೂಮಿನಿಯಂ ಕೊಳವೆ, ಬಟ್ಟೆ ಮತ್ತು ಬೋಲ್ಟು ಸೇರಿಸಿ ತನ್ನ ವಿಮಾನ ತಾನೇ ಕಟ್ಟಿಕೊಳ್ಳುವ ಮಹಾನುಭಾವ. ಮೇಲೆ ಹೇಳಿದ ಅಮೆರಿಕದ ನಿಯಮದಡಿ ಅವನಿಗೆ ಪೈಲಟ್ ಲೈಸೆನ್ಸ್ ಬೇಡ, ವಿಮಾನಕ್ಕೆ ನೋಂದಣಿ ಬೇಡ, ಹಾರಲು ಯೋಗ್ಯ ಎಂಬ ಪ್ರಮಾಣಪತ್ರವೂ ಬೇಡ. ಸರ್ಕಾರ ಅವನನ್ನು ಕೇಳುವುದು ಬೆರಳೆಣಿಕೆಯಷ್ಟು ಪ್ರಶ್ನೆ. ಅದರಲ್ಲಿ ಮೊದಲನೆಯದು, ಎಷ್ಟು ತೂಕ?

ವಿಮಾನ ತಕ್ಕಡಿ ಹತ್ತಿತು. 261 ಪೌಂಡ್. ಕಾನೂನು ಮೀರಲು ಏಳೇ ಪೌಂಡ್ ಸಾಕು. ಬ್ರೇಕ್ ಕಿತ್ತುಹಾಕುವುದೇ, ಸೀಟಿನ ಮೆತ್ತೆ ತೆಗೆಯುವುದೇ ಎಂದು ರಾತ್ರಿಯಿಡೀ ಯೋಚಿಸಿದವನಿಗೆ ಬೆಳಗಿನ ಜಾವ ಜ್ಞಾನೋದಯವಾಯಿತು: ಪ್ಯಾರಾಶೂಟ್ ಹಾಕಿಸಿದರೆ ವಿಮಾನ ಹಗುರವಾಗುತ್ತದೆ! 24 ಪೌಂಡಿಗಿಂತ ಕಡಿಮೆ ತೂಗುವ ಪ್ಯಾರಾಶೂಟ್ ಸಿಕ್ಕಿದರೆ ಉಳಿದ ವ್ಯತ್ಯಾಸವೆಲ್ಲ ಲಾಭ. ಹೀಗೆ ಜಗತ್ತಿನಲ್ಲಿ ಮೊದಲ ಬಾರಿಗೆ ಒಬ್ಬ ಮನುಷ್ಯ ಬೀಳುವ ಭಯದಿಂದಲ್ಲ, ತಕ್ಕಡಿಯ ಭಯದಿಂದ ಪ್ಯಾರಾಶೂಟ್ ಕೊಳ್ಳಲು ಹೊರಟ. ಮೊದಲ ಬಾರಿಗೆ ಅಂದದ್ದು ಸುಮ್ಮನೆ. ಮುಂದಿನ ಹ್ಯಾಂಗರಿನಲ್ಲೂ (ವಿಮಾನ ನಿಲ್ಲಿಸುವ ಶೆಡ್ಡು) ಇಂಥವನೇ ಒಬ್ಬನಿದ್ದಾನೆ.

ಅವರಿಬ್ಬರ ಮಾತು ಹೀಗಿತ್ತು.

"ಗುರುವೇ, ಯಾವುದು ತಗೊಂಡೆ ಕೊನೆಗೆ?"

"ಇದ್ದುದರಲ್ಲೇ ಹಗುರವಾದ್ದು. ಹದಿನೈದೇ ಪೌಂಡು."

"ಅಲ್ಲಪ್ಪಾ, ಅದು ಎಷ್ಟು ಭಾರ ತಡೆಯುತ್ತೆ?"

"500 ಪೌಂಡು."

"ವಿಮಾನ, ನೀನು, ಪೆಟ್ರೋಲು ಎಲ್ಲಾ ಸೇರಿದರೆ?"

"526. ಟ್ಯಾಂಕಿನಲ್ಲಿ ಮೂವತ್ತು ಪೌಂಡ್ ಪೆಟ್ರೋಲಿದೆಯಲ್ಲ, ಬೀಳೋ ಹೊತ್ತಿಗೆ ಅದು ಖರ್ಚಾಗಿರುತ್ತೆ ಬಿಡು."

ಈ ಪ್ಯಾರಾಶೂಟಿನ ಹಿಂದೆ ಒಬ್ಬ ನಿಜವಾಗಿ ಬಿದ್ದ ಮನುಷ್ಯ ಇದ್ದಾನೆ ಎಂಬುದನ್ನೂ ಹೇಳಬೇಕು. ಬೋರಿಸ್ ಪೋಪೋವ್ ಎಂಬಾತ 1975ರಲ್ಲಿ ತನ್ನ ಹ್ಯಾಂಗ್ ಗ್ಲೈಡರ್ (ಜೋತುಬಿದ್ದು ಹಾರುವ, ಎಂಜಿನ್ ಇಲ್ಲದ ರೆಕ್ಕೆ) ಮಡಚಿಕೊಂಡು ಸುಮಾರು 400 ಅಡಿ ಎತ್ತರದಿಂದ ಸರೋವರಕ್ಕೆ ಬಿದ್ದು ಬದುಕಿದ. ಬೀಳುತ್ತಿರುವಾಗ ಏನಾದರೂ ಎಳೆಯಲು ಇದ್ದಿದ್ದರೆ ಎಂಬ ಯೋಚನೆಯೇ 1980ರಲ್ಲಿ ಬಿಆರ್‌ಎಸ್ ಎಂಬ ಕಂಪನಿಯಾಯಿತು. 1983ರಲ್ಲಿ ಅವರ ಪ್ಯಾರಾಶೂಟ್ ಮೊದಲ ಜೀವ ಉಳಿಸಿತು. ಹಿಡಿಕೆ ಎಳೆದರೆ ತಂತಿ ಸೆಳೆಯುತ್ತದೆ, ಪುಟ್ಟ ರಾಕೆಟ್ ಹೊತ್ತಿಕೊಂಡು ಪ್ಯಾರಾಶೂಟಿನ ಗಂಟನ್ನು ವಿಮಾನದಿಂದ ದೂರಕ್ಕೆ ಎಳೆದೊಯ್ಯುತ್ತದೆ, ಹಗ್ಗಗಳು ಬಿಗಿಯಾಗಿ ಬಟ್ಟೆ ಅರಳುತ್ತದೆ, ಪೈಲಟ್ ಸಮೇತ ವಿಮಾನವೇ ಅದಕ್ಕೆ ಜೋತುಬಿದ್ದು ಇಳಿಯುತ್ತದೆ. ಹೂವಿನಂತೆ ಇಳಿಯುತ್ತದೆ ಅಂದುಕೊಳ್ಳಬೇಡಿ. ಸೆಕೆಂಡಿಗೆ 7 ಮೀಟರ್ ವೇಗ ಅಂತ ಹಿಡಿದರೆ ಎರಡೂವರೆ ಮೀಟರ್ ಎತ್ತರದಿಂದ ಕೆಳಗೆ ಹಾರಿದಷ್ಟು ಪೆಟ್ಟು. ಸೊಂಟ ನೋಯಬಹುದು, ನೋಯಲು ಸೊಂಟ ಉಳಿದಿರುತ್ತದೆ.

ಪೋಪೋವ್‌ಗೆ ಎಳೆಯಲು ಏನಾದರೂ ಬೇಕಿತ್ತು. ನಮ್ಮ ಶಿಲ್ಪಿಗೆ ತೋರಿಸಲು ಏನಾದರೂ ಸಾಕು.

ಜೋಡಣೆ ಶುರುವಾಯಿತು. ಕೈಪಿಡಿ ಪುಟಗಟ್ಟಲೆ ಇದೆ. ಶಿಲ್ಪಿ ತೂಕದ ಪುಟ ಓದಿ ಮಡಚಿಟ್ಟ. ರಾಕೆಟ್ ಯಾವ ದಿಕ್ಕಿಗೆ ಹಾರಬೇಕು ಎಂಬುದು ಎರಡನೇ ಅಧ್ಯಾಯದಲ್ಲಿತ್ತೇನೋ, ಅವನ ಪ್ಯಾರಾಶೂಟಿನ ಡಬ್ಬಿ ಮಾತ್ರ ಸೀಟಿನ ಬೆನ್ನ ಹಿಂದೆ ಅಂದವಾಗಿ ಕೂತಿತು. ಅವನದು ಹಿಂದುಗಡೆ ಪ್ರೊಪೆಲ್ಲರ್ ಇರುವ ವಿಮಾನ. ಅಂದರೆ ಜೀವ ಉಳಿಸುವ ಬಟ್ಟೆ ಮೊದಲು ಪ್ರೊಪೆಲ್ಲರಿನ ಯೋಗಕ್ಷೇಮ ವಿಚಾರಿಸಿಕೊಂಡು, ಆಮೇಲೆ ಸಮಯವಿದ್ದರೆ ಆಕಾಶಕ್ಕೆ ಹೋಗಬೇಕು. ಹಿಡಿಕೆ ಎಳೆಯುವ ಮುಂಚೆ ಎಂಜಿನ್ ಆರಿಸಬೇಕು ಎಂಬ ನಿಯಮ ಇರುವುದು ಇದಕ್ಕೇ. ಅವನ ಎಂಜಿನ್ ಸ್ವಿಚ್ ಎಡಗಡೆ ಇದೆ, ಹಿಡಿಕೆ ಬಲಭುಜದ ಹಿಂದೆ. ಹ್ಯಾಂಗರಿನಲ್ಲಿ ಬೆಲ್ಟ್ ಹಾಕದೆ ಕೂತು, ಮೈ ತಿರುಗಿಸಿ, ಕೈ ಚಾಚಿ, "ನೋಡು, ಎಟುಕುತ್ತೆ" ಎಂದು ತೋರಿಸಿದ. ಬೆಲ್ಟ್ ಬಿಗಿದುಕೊಂಡು ಗಿರಗಿರ ಸುತ್ತುತ್ತ ಬೀಳುವಾಗ ಎಟುಕುತ್ತದೆಯೇ ಎಂದು ಕೇಳುವವರು ಅಲ್ಲಿರಲಿಲ್ಲ. ಎಟುಕಿದರೂ ಬೆರಳ ತುದಿಯಲ್ಲಿ ಎಳೆಯುವ ಬಾಬತ್ತು ಅದಲ್ಲ; ಪ್ಯಾರಾಶೂಟ್ ಸಮೇತವೇ ಬರುವ ಸಿರಸ್ ಎಂಬ ಅಮೆರಿಕದ ಸಣ್ಣ ವಿಮಾನದ ಕೈಪಿಡಿ ಹಿಡಿಕೆಗೆ 45 ಪೌಂಡ್, ಹೆಚ್ಚುಕಡಿಮೆ 20 ಕಿಲೋ ಬಲ ಬೇಕಾಗಬಹುದು ಅನ್ನುತ್ತದೆ.

ಇನ್ನು ಪಟ್ಟಿ. ವಿಮಾನವನ್ನೂ ಪ್ಯಾರಾಶೂಟನ್ನೂ ಜೋಡಿಸುವ, ಕೆವ್ಲಾರ್ ಎಂಬ ಗಟ್ಟಿ ನಾರಿನ ಪಟ್ಟಿಯನ್ನು ರೆಕ್ಕೆ ಹಿಡಿದಿರುವ ಮುಖ್ಯ ಚೌಕಟ್ಟಿಗೇ ಕಟ್ಟಬೇಕು, ಪೈಲಟ್ಟಿನ ಬೆಲ್ಟೂ ಅದೇ ಚೌಕಟ್ಟಿನಲ್ಲಿರಬೇಕು. ನಮ್ಮವನು ಕಟ್ಟಿದ್ದು ಸೀಟಿನ ಹಿಂದಿನ ತೆಳು ಕೊಳವೆಗೆ. ಕೈಗೆ ಹತ್ತಿರವಿತ್ತು. ಪ್ಯಾರಾಶೂಟ್ ಅರಳಿದ ಏಟಿಗೆ ಆ ಕೊಳವೆ ಮಾತ್ರ ಕಿತ್ತುಬಂದು ಕ್ಷೇಮವಾಗಿ ಇಳಿಯುವ ಸಾಧ್ಯತೆ ಹೆಚ್ಚು. ಅದಕ್ಕೇನೂ ಗಾಯವಾಗದು.

ಪ್ಯಾರಾಶೂಟ್ ಹೊರಬರಲು ಮೇಲ್ಹೊದಿಕೆಯಲ್ಲಿ ಸುಲಭವಾಗಿ ಹರಿಯುವ ಒಂದು ಕಿಟಕಿ ಬಿಟ್ಟಿರಬೇಕು. ಬಿಟ್ಟಿದ್ದ. ಅದರ ಅಂಚು ಕಾಣುತ್ತಿತ್ತು, ವಿಮಾನದ ಅಂದ ಕೆಡುತ್ತಿತ್ತು. ಹಾಗಾಗಿ ಮೇಲೊಂದು ಬಟ್ಟೆ ಅಂಟಿಸಿ, ಮೂರು ಕೋಟು ಬಣ್ಣ ಬಳಿದು, ಉಗುರಿನಿಂದ ತಟ್ಟಿದರೆ ಟಣ್ ಅನ್ನುವ ಹಾಗೆ ಮಾಡಿದ. ಅದರ ಮೇಲೆ ಕೆಂಪು ತ್ರಿಕೋನದ ಸ್ಟಿಕ್ಕರು: ಅಪಾಯ, ಒಳಗೆ ರಾಕೆಟ್ ಇದೆ. ಸ್ಟಿಕ್ಕರು ಸೊಗಸಾಗಿದೆ.

ಕೊನೆಗೆ ಪಿನ್. ನೆಲದ ಮೇಲಿರುವಾಗ ಯಾರೂ ತಪ್ಪಿ ಎಳೆಯದಿರಲಿ ಎಂದು ಹಿಡಿಕೆಗೆ ಸಿಕ್ಕಿಸುವ, ಕೆಂಪು ರಿಬ್ಬನ್ ಕಟ್ಟಿದ ಸುರಕ್ಷಾ ಪಿನ್ನು. ಹಾರುವ ಮುಂಚೆ ತೆಗೆಯಬೇಕು, ಇಳಿದ ಮೇಲೆ ಹಾಕಬೇಕು. ಇದರಲ್ಲಿ ಎರಡು ಪಂಥಗಳಿವೆ. ತೆಗೆಯಲು ಮರೆಯುವವರದು ಒಂದು. ಎರಡನೆಯವರು ಮರೆತಿಲ್ಲ, ತತ್ತ್ವಬದ್ಧವಾಗಿ ತೆಗೆಯುವುದಿಲ್ಲ: "ರಾಕೆಟ್ ಅಂದ್ರೆ ಹುಡುಗಾಟವೇನ್ರೀ, ಗಾಳಿಯಲ್ಲಿ ತಾನಾಗಿ ಹಾರಿಬಿಟ್ಟರೆ?" ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡು ಬೈಕ್ ಓಡಿಸುವವರಿಗೆ ಇವರು ದಾಯಾದಿಗಳು.

ಇಡೀ ವ್ಯವಹಾರದಲ್ಲಿ ತಪಾಸಣೆ ಅಂತ ನಡೆದದ್ದು ಒಂದೇ ಸಲ, ಅದನ್ನು ಮಾಡಿದ್ದು ಅವನ ಹೆಂಡತಿ.

"ರೀ, ಇದು ಬಿಚ್ಚಿಕೊಳ್ಳುತ್ತಾ?"

"ಬಿಚ್ಚೋ ಪರಿಸ್ಥಿತಿ ಬರಬಾರದು ಕಣೇ."

"ನಾನು ಕೇಳಿದ್ದು ಅದಲ್ಲ."

ಇಲಾಖೆಯ ಯಾವ ಅಧಿಕಾರಿಯೂ ಕೇಳದ ಪ್ರಶ್ನೆ ಅದು. ನಿಯಮದಲ್ಲಿ 'ಇದೆಯೇ' ಎಂಬುದಕ್ಕೆ ಜಾಗವಿದೆ, 'ತೆರೆಯುತ್ತದೆಯೇ' ಎಂಬುದಕ್ಕೆ ಇಲ್ಲ. ತಯಾರಕರು ಐದಾರು ವರ್ಷಕ್ಕೊಮ್ಮೆ ಪ್ಯಾರಾಶೂಟ್ ಬಿಚ್ಚಿ ಮತ್ತೆ ಮಡಚಿಸಿ ಅನ್ನುತ್ತಾರೆ, ರಾಕೆಟ್ಟಿಗೂ ಆಯುಸ್ಸಿದೆ. ತೂಕದ ವಿನಾಯಿತಿಗೆ ಮಾತ್ರ ಆಯುಸ್ಸಿನ ಮಿತಿಯಿಲ್ಲ. ಒದ್ದೆಯಾಗಿ, ಬೂಸ್ಟು ಹಿಡಿದು, ಒಳಗೆ ಇಲಿ ಸಂಸಾರ ಹೂಡಿದ್ದರೂ ಆ 24 ಪೌಂಡು ಹೊಚ್ಚ ಹೊಸದಾಗಿಯೇ ಇರುತ್ತದೆ. ಇಲಿಯ ತೂಕ ವಿನಾಯಿತಿಯೊಳಗೆ ಬರುತ್ತದೋ ಇಲ್ಲವೋ, ಸುತ್ತೋಲೆ ಮೌನವಾಗಿದೆ.

ಮಡಚಿಸಲು ಕಳಿಸೋಣ ಅಂದರೆ ಇನ್ನೊಂದು ತಮಾಷೆ. ಲೈಸೆನ್ಸ್ ಇಲ್ಲದ ಮನುಷ್ಯ, ನೋಂದಣಿ ಇಲ್ಲದ ವಿಮಾನದಲ್ಲಿ, ರಾಕೆಟ್ಟನ್ನು ಬೆನ್ನಿಗಿಟ್ಟುಕೊಂಡು ಹಾರಬಹುದು, ಅದು ಸರಿ. ಅದೇ ರಾಕೆಟ್ಟನ್ನು ಡಬ್ಬಿಯಲ್ಲಿಟ್ಟು ಕೊರಿಯರ್ ಮಾಡಲು ಹೋದರೆ ಅದು ಸ್ಫೋಟಕ. ಅಪಾಯಕಾರಿ ಸರಕಿನ ಕಾಗದ ಬೇಕು, ಗುರುತು ಹಚ್ಚಿದ ಪೆಟ್ಟಿಗೆ ಬೇಕು, ಒಪ್ಪುವ ಸಾಗಣೆದಾರ ಬೇಕು. ಶಿಲ್ಪಿ ಕೈಮುಗಿದು ವಾಪಸ್ ಬರುತ್ತಾನೆ, ಡಬ್ಬಿ ಇದ್ದಲ್ಲೇ ಇರುತ್ತದೆ. ಮುಂದೆ ಯಾವತ್ತಾದರೂ ವಿಮಾನ ಬಿದ್ದರೆ, ಹಾರದೆ ಉಳಿದ ಆ ರಾಕೆಟ್ ಕಾಯುವುದು ಪೈಲಟ್ಟನ್ನಲ್ಲ, ಅವನನ್ನು ಎಳೆಯಲು ಕಟರ್ ಹಿಡಿದು ಬರುವ ಅಗ್ನಿಶಾಮಕದವರನ್ನು. ಇದು ಮಾತ್ರ ನಗುವ ವಿಷಯವಲ್ಲ.

ಇಷ್ಟೆಲ್ಲ ಸರಿಯಿದ್ದರೂ ಎಳೆಯದ ಶೂರರಿದ್ದಾರೆ. ಸಿರಸ್ ಕಂಪನಿಯ ಎಸ್‌ಆರ್20 ವಿಮಾನಕ್ಕೆ 1998ರಲ್ಲಿ ಮಾನ್ಯತೆ ಸಿಕ್ಕಿದಾಗಲೇ ಪ್ಯಾರಾಶೂಟ್ ಅದರಲ್ಲಿ ಅಂಗವಾಗಿತ್ತು. 2002ರಲ್ಲಿ ಅದೇ ಕಂಪನಿಯ ಎಸ್‌ಆರ್22 ವಿಮಾನದಲ್ಲಿ ಅದು ಮೊದಲ ಬಾರಿ ಜೀವ ಉಳಿಸಿತು. ಹಾಗಿದ್ದೂ ಹಿಡಿಕೆ ತಲೆಯ ಮೇಲೇ ಇರುವಾಗ ಅದನ್ನು ಮುಟ್ಟದೆ ನೆಲಕ್ಕಪ್ಪಳಿಸಿದವರು ಒಬ್ಬಿಬ್ಬರಲ್ಲ. ಬೇಗ ಎಳೆಯಿರಿ, ಯೋಚಿಸುತ್ತ ಕೂರಬೇಡಿ ಎಂದು ತರಬೇತುದಾರರು ವರ್ಷಗಟ್ಟಲೆ ಹೇಳಬೇಕಾಯಿತು. ಎಳೆದರೆ ನಾನು ಕೆಟ್ಟ ಪೈಲಟ್ ಅಂತ ಒಪ್ಪಿದಂತೆ ಎಂಬುದು ಶೂರರ ವಾದ. ಜಂಬದ ತೂಕಕ್ಕೆ ಯಾವ ದೇಶದ ನಿಯಮದಲ್ಲೂ ಮಿತಿ ಇಲ್ಲ.

ನಿಯಮ ತಿದ್ದುವವರು ಯಾರಾದರೂ ಇದನ್ನು ಓದುತ್ತಿದ್ದರೆ ನನ್ನದೊಂದು ಸಲಹೆ. ಡಬ್ಬಿ ಒಳಗೆ ಏನಿದೆ ಅಂತ ಹೇಗೂ ನೋಡುವುದಿಲ್ಲವಲ್ಲ, ಖಾಲಿ ಡಬ್ಬಿಗೇ ವಿನಾಯಿತಿ ಕೊಟ್ಟುಬಿಡಿ. ಶಿಲ್ಪಿಗೆ ಪೂರ್ತಿ 24 ಪೌಂಡ್ ಲಾಭ, ಅಗ್ನಿಶಾಮಕದವರಿಗೆ ನೆಮ್ಮದಿ, ಇಲಿಗೆ ವಿಶಾಲವಾದ ಮನೆ. ಇದು ವಿಪರೀತ ಅನ್ನಿಸಿದರೆ, ಕೊನೆಯ ಸಲ ಮಡಚಿಸಿದ ತಾರೀಖು ಮತ್ತು ಎಷ್ಟು ಭಾರಕ್ಕೆ ಎಂಬ ಎರಡು ಖಾಲಿ ಜಾಗ ನಿಯಮದಲ್ಲಿ ಸೇರಿಸಿ. ಆದರೆ ಅಷ್ಟು ಕ್ರೂರಿಗಳಾಗಲು ನಿಮ್ಮಿಂದಾಗದು ಎಂದು ಬಲ್ಲೆ.

ಶಿಲ್ಪಿ ಈಗ ಇನ್ನೊಂದು ವಿಮಾನ ಕಟ್ಟಲು ಹೊರಟಿದ್ದಾನೆ, ಹಳೆಯದನ್ನು ಮಾರಾಟಕ್ಕಿಟ್ಟಿದ್ದಾನೆ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿದೆ: "ತುರ್ತು ಪ್ಯಾರಾಶೂಟ್ ಸಮೇತ. ಹೊಸದರಂತಿದೆ, ಒಮ್ಮೆಯೂ ಬಳಸಿಲ್ಲ, ಪಿನ್ನು ಸಹ ತೆಗೆದಿಲ್ಲ." ಮೊನ್ನೆ ಒಬ್ಬ ಗಿರಾಕಿ ಬಂದು ಡಬ್ಬಿಯನ್ನು ಮೇಲೆ ಕೆಳಗೆ ನೋಡಿ ಮೆಚ್ಚಿ ತಲೆಯಾಡಿಸಿದ.

"ಒಳ್ಳೇದಿದೆ ಸಾರ್. ಇದಕ್ಕಿಂತ ಹಗುರವಾದ್ದು ಸಿಗಲಿಲ್ವಾ?"