ಆಷಾಢದಲ್ಲಿ ಕೆಟ್ಟ ಫೋನು

ನಮ್ಮ ಮನೆಯ ಲ್ಯಾಂಡ್‌ಲೈನ್ ಫೋನು ಕೆಟ್ಟು 19 ದಿನಗಳಾಗಿವೆ ಎಂಬ ಸಂಗತಿ ನನಗೆ ತಿಳಿದದ್ದು 19ನೆಯ ದಿನ. ಇಷ್ಟು ದಿನ ಸತ್ತು ಬಿದ್ದಿದ್ದರೂ ಯಾರ ಕಣ್ಣಿಗೂ ಬೀಳದ ವಸ್ತುವಿಗೆ ತಿಂಗಳು ತಿಂಗಳು ಬಾಡಿಗೆ ಕಟ್ಟುವುದೇಕೆ ಎಂದು ನಾನು ವಾದ ಹೂಡುವಷ್ಟರಲ್ಲಿ ಅಪ್ಪ ಕೋಣೆಯ ಬಾಗಿಲಲ್ಲಿ ನಿಂತು, "ಶ್ರಾವಣಕ್ಕೆ ಇನ್ನು ಎಂಟೇ ದಿನ. ಜನ ಫೋನ್ ಮಾಡುವುದಕ್ಕೆ ಶುರು ಮಾಡುತ್ತಾರೆ. ಅಷ್ಟರೊಳಗೆ ಸರಿ ಮಾಡಿಸು" ಎಂದು ಅಪ್ಪಣೆ ಕೊಟ್ಟರು.

ಈ 'ಜನ' ನಮ್ಮ ನೆಂಟರಲ್ಲ, ಅಪ್ಪನ ಹಳೆಯ ಶಿಷ್ಯರೂ ಅಲ್ಲ. ಮೈಸೂರಿನ ನಮ್ಮ ಬಡಾವಣೆಯಿಂದ ಎರಡು ರಸ್ತೆಯಾಚೆ ಒಂದು ಕಲ್ಯಾಣಮಂಟಪವಿದೆ. ಅದರ ದೂರವಾಣಿ ಸಂಖ್ಯೆಗೂ ನಮ್ಮದಕ್ಕೂ ಇರುವ ವ್ಯತ್ಯಾಸ ಕೊನೆಯ ಅಂಕಿಯೊಂದೇ. ಅವರದು 7, ನಮ್ಮದು 1. ಮಂಟಪದ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದ ಸಂಖ್ಯೆಯಲ್ಲಿ 7ರ ನೆತ್ತಿಯ ಗೆರೆ ಮಳೆಗೆ ಅಳಿಸಿಹೋಗಿ, ಅದು ಹಲವು ವರ್ಷಗಳಿಂದ 1 ಆಗಿಯೇ ನಿಂತಿದೆ. ನಾನು ಎರಡು ಸಲ ಹೋಗಿ ಹೇಳಿಬಂದೆ. ಎರಡು ಸಲವೂ ಪೇಂಟರ್ ನಾಳೆ ಬರುತ್ತಾನೆ ಎಂದರು. ಹೀಗಾಗಿ ಮದುವೆ, ಮುಂಜಿ, ನಾಮಕರಣಗಳಿಗೆ ಮಂಟಪ ಹುಡುಕುವವರಲ್ಲಿ ಒಂದು ಪಾಲು ಜನ ಮೊದಲು ನಮ್ಮ ಮನೆಯನ್ನೇ ವಿಚಾರಿಸುತ್ತಾರೆ. ಮದುವೆಗಳಿಲ್ಲದ ಆಷಾಢ ಮಾತ್ರ ನಮಗೆ ವಿಶ್ರಾಂತಿಯ ಮಾಸ.

ಬೇರೆಯವರಾಗಿದ್ದರೆ 'ರಾಂಗ್ ನಂಬರ್' ಎಂದು ಇಟ್ಟುಬಿಡುತ್ತಿದ್ದರು. ಅಪ್ಪ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪ್ರೌಢಶಾಲೆಯಲ್ಲಿ ಪಾಠ ಮಾಡಿದವರು, ತಪ್ಪು ಉತ್ತರ ಬರೆದವನನ್ನು ಸರಿಯುತ್ತರ ಹೇಳಿಕೊಡದೆ ಮನೆಗೆ ಕಳಿಸಿದವರಲ್ಲ. ಫೋನಿನ ಪಕ್ಕದಲ್ಲಿ ಅವರ ಒಂದು ಹಳೆಯ ಡೈರಿ, ದಾರ ಕಟ್ಟಿದ ಪೆನ್ನು, ಒಂಟಿಕೊಪ್ಪಲ್ ಪಂಚಾಂಗ ಇವು ಮೂರೂ ಸದಾ ಸಿದ್ಧವಾಗಿರುತ್ತವೆ. "ಮಂಟಪ ಇದಲ್ಲ, ಕೊನೆಯ ಅಂಕಿ ಏಳು" ಎಂದು ಮೊದಲು ಸತ್ಯ ನುಡಿದು, ಕೇಳಿದವರು ಕ್ಷಮೆ ಬೇಡಿ ಫೋನ್ ಇಡುವ ಮೊದಲೇ, "ಅಂದ ಹಾಗೆ ಯಾವ ದಿನ?" ಎಂದು ಅವರನ್ನು ಹಿಡಿದು ನಿಲ್ಲಿಸುತ್ತಾರೆ. ಶುಕ್ರವಾರ ಹನ್ನೊಂದಕ್ಕೆ ಮುಹೂರ್ತ ಎಂದರಂತೂ ಮುಗಿಯಿತು. ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲವಲ್ಲವೇ, ಅದನ್ನು ನೋಡಿಕೊಟ್ಟವರು ಯಾರು, ಅವರು ಎಲ್ಲಿ ಓದಿದರು ಎಂಬಲ್ಲಿಗೆ ವಿಚಾರಣೆ ಮುಟ್ಟುತ್ತದೆ. ಆಮೇಲೆ ಹುಡುಗನ ಉದ್ಯೋಗ, ಊಟಕ್ಕೆ ಎಷ್ಟು ಎಲೆ, ಅಡುಗೆಯವರು ಯಾರು ಎಂಬವೆಲ್ಲ ಡೈರಿಗೆ ಏರುತ್ತವೆ. ನಾನು ಆನ್‌ಲೈನ್ ಮೀಟಿಂಗಿನಲ್ಲಿ ಗಂಭೀರವಾಗಿ ತಲೆಯಾಡಿಸುತ್ತಿರುವಾಗ ಹಿನ್ನೆಲೆಯಲ್ಲಿ, "ಮುನ್ನೂರು ಎಲೆಗೆ ಆ ಮಂಟಪದ ಊಟದ ಮನೆ ಸಾಲುವುದಿಲ್ಲ ಸ್ವಾಮಿ, ಮೂರು ಪಂಕ್ತಿ ಆಗುತ್ತದೆ" ಎಂಬ ಕಂಚಿನ ಕಂಠ ಮೊಳಗುತ್ತದೆ. ಆಫೀಸಿನಲ್ಲಿ ಹಲವರು ನನಗೆ ಅಡುಗೆ ಕಂಟ್ರಾಕ್ಟಿನ ಉಪಕಸುಬು ಇದೆಯೆಂದೇ ನಂಬಿದ್ದಾರೆ.

ಹೋದ ಮಾಘದಲ್ಲಿ ಇದು ಮಿತಿ ಮೀರಿತು. ನಂಜನಗೂಡಿನ ಕಡೆಯ ಒಬ್ಬರು ಮಗಳ ಮದುವೆಗೆಂದು ಹೀಗೇ ತಪ್ಪಿ ಫೋನ್ ಮಾಡಿದವರು, ಅಪ್ಪನ ಸಲಹೆಯಂತೆ ಮುಹೂರ್ತವನ್ನೂ ಮಂಟಪವನ್ನೂ ಬದಲಾಯಿಸಿ, ಲಗ್ನಪತ್ರಿಕೆ ಕೊಡಲು ತಟ್ಟೆಯಲ್ಲಿ ಹಣ್ಣಿಟ್ಟುಕೊಂಡು ನಮ್ಮ ಮನೆಗೇ ಬಂದರು. ಅಪ್ಪ ಇಸ್ತ್ರಿ ಮಾಡಿಸಿದ ಪಂಚೆಯುಟ್ಟು ಹೋಗಿ, 501 ರೂಪಾಯಿ ಮುಯ್ಯಿ ಮಾಡಿ, ಹೋಳಿಗೆ ಊಟ ಮುಗಿಸಿ, ತಾಂಬೂಲದ ಚೀಲದೊಡನೆ ಮರಳಿದರು. ಗೋಡೆಯ ಬಣ್ಣ ಹಚ್ಚಿಸದ ಮಂಟಪದವರು ಒಂದು ಮದುವೆ ಕಳೆದುಕೊಂಡರೆಂಬುದಷ್ಟೇ ನನಗೆ ಸಿಕ್ಕ ಸಮಾಧಾನ.

ಈ ಫೋನಿನಿಂದ ಹೊರಗೆ ಹೋಗುವ ಕರೆಗಳದು ಬೇರೆಯೇ ಕಥೆ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಕರೆ ಮಾಡಬೇಕಾದರೆ ಮೊದಲು ಸೊನ್ನೆ ಒತ್ತಬೇಕೆಂಬ ನಿಯಮ ಬಂದಿದೆ. ನೆಂಟರಿಷ್ಟರ ಸಂಖ್ಯೆಗಳನ್ನೆಲ್ಲ ಮಗ್ಗಿಯಂತೆ ಬಾಯಲ್ಲಿಟ್ಟುಕೊಂಡಿರುವ ಅಪ್ಪನಿಗೆ ಆ ಒಂದು ಸೊನ್ನೆ ಮಾತ್ರ ಈವರೆಗೆ ನೆನಪಿಗೆ ಬಂದಿಲ್ಲ. ಪ್ರತಿ ಸಲವೂ ಯಂತ್ರದ ಹೆಣ್ಣುದನಿ ತಿದ್ದುತ್ತದೆ, ಪ್ರತಿ ಸಲವೂ ಅಪ್ಪ "ಆಯಿತಮ್ಮ, ಮರೆತೆ" ಎಂದು ಅದಕ್ಕೆ ವಿನಯದಿಂದ ಉತ್ತರಿಸಿ ಮತ್ತೆ ಮೊದಲಿನಿಂದ ಒತ್ತುತ್ತಾರೆ. ಮನೆಯಲ್ಲಿ ನಾವು ಯಾರಾದರೂ ತಿದ್ದಿದರೆ ಇಷ್ಟು ವಿನಯ ಕಂಡದ್ದಿಲ್ಲ.

ಇನ್ನು ದೂರು ಕೊಡುವ ಕೆಲಸ. ಮೊಬೈಲಿನಿಂದ ಮಾಡಿದರೆ, ಕೆಟ್ಟಿರುವ ದೂರವಾಣಿಯಿಂದಲೇ ಕರೆ ಮಾಡಿದ್ದರೆ ಒಂದನ್ನು ಒತ್ತಿ ಎಂದು ಯಂತ್ರ ಹೇಳಿತು. ಕೆಟ್ಟಿರುವ ಫೋನಿನಿಂದ ಕರೆ ಮಾಡುವ ಸಿದ್ಧಿ ನನಗಿಲ್ಲದ ಕಾರಣ ಎರಡನ್ನು ಒತ್ತಿದೆ. ಇಪ್ಪತ್ತು ನಿಮಿಷ ವೀಣೆ ಕೇಳಿಸಿ ಸಂಪರ್ಕ ಕಡಿದರು. ಕಡೆಗೆ ಕಚೇರಿಗೇ ಹೋಗಿ ಅರ್ಜಿ ಬರೆದುಕೊಟ್ಟ ಮೇಲೆ ಬಂದ ಲೈನ್‌ಮನ್, ಒಳಚರಂಡಿಗೆ ರಸ್ತೆ ಅಗೆದ ಜೆಸಿಬಿ ಕೇಬಲ್ಲನ್ನೂ ಬಾಚಿಕೊಂಡು ಹೋಗಿದೆಯೆಂದೂ, ತಾಮ್ರದ ತಂತಿಯನ್ನು ಇನ್ನು ಯಾರೂ ಎಳೆಯುವುದಿಲ್ಲವೆಂದೂ, ಫೈಬರ್ ಹಾಕಿಸಿಕೊಂಡರೆ ಅದೇ ಸಂಖ್ಯೆ ಉಳಿಯುತ್ತದೆಂದೂ ಹೇಳಿದ.

"ಕರೆಂಟ್ ಹೋದರೆ?" ಎಂದರು ಅಪ್ಪ.

"ಮೋಡೆಮ್ ಆಫ್ ಆಗುತ್ತೆ ಮೇಷ್ಟ್ರೇ. ಒಂದು ಯುಪಿಎಸ್ ಇಟ್ಕೊಳ್ಳಿ."

ಅಪ್ಪ ಪಾಠಕ್ಕೆ ನಿಂತರು. ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಅದೇ ತಾಮ್ರದ ತಂತಿಯಲ್ಲಿ 48 ವೋಲ್ಟ್ ಹರಿದುಬರುತ್ತಿದ್ದುದರಿಂದ ಇಡೀ ಬೀದಿ ಕತ್ತಲಲ್ಲಿದ್ದಾಗಲೂ ಈ ಫೋನು ಮೊಳಗುತ್ತಿತ್ತು. ದೂರವಾಣಿಗೆಂದೇ 1948ರಲ್ಲಿ ಬೆಂಗಳೂರಿನಲ್ಲಿ ಐಟಿಐ ಕಾರ್ಖಾನೆ ಹುಟ್ಟಿತು. ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ನಮ್ಮ ಕಿತ್ತೂರಿಗೇ ಬಂತು. ಅಂಥ ನಾಡಿನಲ್ಲಿ ಒಂದು ಜೊತೆ ತಂತಿ ಎಳೆಯಲು ನಿಮಗೇನಪ್ಪ ಕಷ್ಟ? ಲೈನ್‌ಮನ್ ಕೈಕಟ್ಟಿ ಕೇಳಿಸಿಕೊಂಡ. ಅಪ್ಪನ ತರಗತಿಯಲ್ಲಿ ಕುಳಿತ ಎಲ್ಲರೂ ಹೀಗೆಯೇ ಕೇಳಿಸಿಕೊಂಡಿದ್ದಾರೆ. ಆಮೇಲೆ ಗೋಡೆಗೆ ತೂತು ಕೊರೆದು ಫೈಬರ್ ಹಾಕಿ, "ಸಾರ್, ನಿಮ್ಮ ಮೊಬೈಲಿಂದ ಒಂದು ರಿಂಗ್ ಕೊಟ್ಟು ನೋಡಿ" ಎಂದ.

ನಾನು ಫೋನಿನಿಂದ ಎರಡು ಮಾರು ದೂರದಲ್ಲಿ, ಊಟದ ಮೇಜಿನ ಬಳಿ ನಿಂತಿದ್ದೆ. ಗಂಟೆ ಮೊಳಗಿತು. ನಾನೇ ಮಾಡಿದ ಕರೆಯೆಂದು ಗೊತ್ತಿದ್ದೂ ಅಪ್ಪ ಕುರ್ಚಿಯಿಂದ ಎದ್ದು, ಕನ್ನಡಕ ಸರಿಮಾಡಿಕೊಂಡು, ಅಮ್ಮ ಹೆಣೆದ ಕ್ರೋಶಾ ಹೊದಿಕೆಯನ್ನು ಪಕ್ಕಕ್ಕಿಟ್ಟು ರಿಸೀವರ್ ಎತ್ತಿದರು.

"ಹಲೋ, ಯಾರು?"

"ನಾನೇ, ಅಪ್ಪ."

"ಊಟ ಆಯಿತಾ?"

ಅರ್ಧ ಗಂಟೆಯ ಹಿಂದೆ ನಾವಿಬ್ಬರೂ ಪಕ್ಕಪಕ್ಕದಲ್ಲೇ ಕುಳಿತು ಹುಳಿಯನ್ನ ಉಂಡಿದ್ದೆವು. ಆದರೂ "ಆಯಿತು" ಎಂದೆ.

"ದುಡ್ಡಿದೆಯಾ?"

"ಇದೆ."

"ಸರಿ, ಇಡು. ಬಿಲ್ಲು ಏರುತ್ತೆ."

ನಾನು ಧಾರವಾಡದ ಹಾಸ್ಟೆಲಿನಲ್ಲಿದ್ದಾಗ ಭಾನುವಾರ ರಾತ್ರಿ ದರ ಇಳಿಯುವುದನ್ನು ಕಾದು, ಹಳದಿ ಬೋರ್ಡಿನ ಎಸ್‌ಟಿಡಿ ಬೂತಿನ ಮುಂದೆ ಸರದಿಯಲ್ಲಿ ನಿಂತು ಮನೆಗೆ ಫೋನ್ ಮಾಡಿದರೆ ಅಪ್ಪ ಆಡುತ್ತಿದ್ದುದು ಈ ಮೂರೇ ಮಾತು. ಮೀಟರಿನ ಕೆಂಪು ಅಂಕಿಗಳು ಓಡುತ್ತಿದ್ದುದರಿಂದ ನಾಲ್ಕನೆಯ ಮಾತಿಗೆ ಎಡೆಯಿರಲಿಲ್ಲ. 1987ರಲ್ಲಿ ಅರ್ಜಿ ಹಾಕಿ, ನಾಲ್ಕು ವರ್ಷ ಕಾದು ಈ ಫೋನನ್ನು ಅವರು ಮನೆಗೆ ತರಿಸಿದ್ದರು. ಒಂದೇ ಸೂರಿನಡಿ ಇರುವ ಈ ಹನ್ನೆರಡು ವರ್ಷಗಳಲ್ಲಿ ಅವರು ಎದುರಿಗೆ ನಿಂತು ನನ್ನ ಊಟ ವಿಚಾರಿಸಿದ ನೆನಪಿಲ್ಲ. ಲೈನ್‌ಮನ್ ಒಮ್ಮೆ ನನ್ನನ್ನೂ ಒಮ್ಮೆ ಅವರನ್ನೂ ನೋಡಿ, "ವಾಯ್ಸ್ ಕ್ಲಿಯರ್ ಇದೆ ಅಲ್ವಾ ಸಾರ್?" ಎಂದು ಕೇಳಿದ. ಇದೆ ಎಂದೆ.

ಶ್ರಾವಣದ ಮೊದಲ ಸೋಮವಾರ ಬೆಳಗ್ಗೆ ಏಳಕ್ಕೆ ಮೊದಲ ಕರೆ ಬಂತು. "ಮಂಟಪ ಇದಲ್ಲ, ಕೊನೆಯ ಅಂಕಿ ಏಳು... ಅಂದ ಹಾಗೆ ಯಾವ ದಿನ?" ಎಂಬುದು ಕಿವಿಗೆ ಬಿದ್ದು ನಾನು ಮುಸುಕೆಳೆದುಕೊಂಡೆ. ಪಂಚಾಂಗದ ಹಾಳೆ ಮಗುಚಿದ ಸದ್ದಾಯಿತು, ಎಲೆಗಳ ಲೆಕ್ಕವಾಯಿತು. ಕೊನೆಗೆ ಅಪ್ಪ, "ಇನ್ನೊಂದು ನಂಬರ್ ಬರೆದುಕೊಳ್ಳಿ. ಇದೀಗ ಫೈಬರ್ ಆಗಿದೆ, ಕರೆಂಟ್ ಹೋದರೆ ನಾನು ಸಿಗುವುದಿಲ್ಲ" ಎಂದು ನನ್ನ ಮೊಬೈಲಿನ ಹತ್ತೂ ಅಂಕಿಗಳನ್ನು ಬಿಡಿಬಿಡಿಯಾಗಿ ಎರಡು ಸಲ ಹೇಳಿ, "ಲ್ಯಾಂಡ್‌ಲೈನಿಂದ ಮಾಡುವುದಾದರೆ ಮೊದಲು ಸೊನ್ನೆ ಒತ್ತುವುದನ್ನು ಮರೆಯಬೇಡಿ" ಎಂದರು.