ಆ ಟಾರ್ಚು ಗುಜರಿಗೆ ಹೋಯಿತು

ನಿನ್ನೆ ಸಂಜೆ ಅಕ್ಕನ ಮಗ ಅಂಗಡಿಗೆ ಬಂದ. ಪಿಯುಸಿ ಓದುವವನು, ನಿಮ್ಮಲ್ಲಿ ಸುಮಾರು ಜನರಿಗೆ ಅವನು ಗೊತ್ತು. ಕೌಂಟರ್ ಮೇಲೆ ಒಂದು ಗ್ಲೂ ಸ್ಟಿಕ್ ಇಟ್ಟು, "ಮಾವ, ಇದೇನು ಹೇಳಿ ನೋಡೋಣ" ಅಂದ. ಗಮ್ ಕಣೋ ಅಂದೆ. ಮುಚ್ಚಳ ತೆಗೆದು ತೋರಿಸಿದ. ಮೇಲೆ ಅರ್ಧ ಇಂಚು ನಿಜವಾದ ಗಮ್ಮೇ ಇತ್ತು, ಕಾಗದಕ್ಕೆ ಹಚ್ಚಿದರೆ ಅಂಟುತ್ತಿತ್ತು. ಆಮೇಲೆ ಬುಡ ಹಿಡಿದು ಎಳೆದ. ಒಳಗಿಂದ ಪೆನ್ ಡ್ರೈವ್ ಬಂತು.

ಎರಡು ರಾತ್ರಿ ಕೂತು ಮಾಡಿದನಂತೆ, ಯಾವುದೋ ವಿಡಿಯೊ ನೋಡಿಕೊಂಡು. ಕೆಲಸ ಚೊಕ್ಕವಾಗಿತ್ತು, ಅದನ್ನು ಒಪ್ಪಲೇಬೇಕು. ಪೆನ್ ಡ್ರೈವಿನ ಪ್ಲಾಸ್ಟಿಕ್ ಕವಚ ಬಿಡಿಸಿ ಒಳಗಿನ ಹಸಿರು ಬೋರ್ಡನ್ನಷ್ಟೇ ತೆಗೆದಿದ್ದ. ಬೆರಳಿನ ಎರಡು ಗೆಣ್ಣಿನಷ್ಟು ಉದ್ದ. ಒಂದು ಮಗ್ಗುಲಲ್ಲಿ ಕಪ್ಪು ಚಿಪ್, ಇನ್ನೊಂದು ಮಗ್ಗುಲಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪನೆಯ ಬೆಳ್ಳಿ ಬಣ್ಣದ ಕ್ರಿಸ್ಟಲ್. ಅದರ ಸುತ್ತ ಹಾಟ್ ಗ್ಲೂ ಸುರಿದು ಗಟ್ಟಿ ಮಾಡಿದ್ದ. ಗಾಳಿ ಆಡಲು ಕೂದಲೆಳೆಯಷ್ಟೂ ಜಾಗ ಇರಲಿಲ್ಲ. ದೊಡ್ಡ ಫೈಲ್ ಕಾಪಿ ಮಾಡುವಾಗ ಪೆನ್ ಡ್ರೈವ್ ಎಷ್ಟು ಬಿಸಿಯಾಗುತ್ತದೆ ಅಂತ ಮುಟ್ಟಿ ನೋಡಿದವರಿಗೆ ಗೊತ್ತು.

ಒಳಗೆ ಏನಿದೆ ಅಂತ ಕೇಳಿದೆ. ಅವನ ಮಾರ್ಕ್ಸ್ ಕಾರ್ಡುಗಳು, ಮನೆಯವರೆಲ್ಲರ ಆಧಾರ್, ಅಕ್ಕನ ಹಳೇ ಫೋನಿನಲ್ಲಿದ್ದ ಫೋಟೊಗಳು, ಅವನು ಹುಟ್ಟಿದಾಗಿನಿಂದ ಹಿಡಿದು. ಇನ್ನೊಂದು ಕಾಪಿ ಎಲ್ಲಿದೆ ಅಂದೆ. "ಇಲ್ಲ ಮಾವ, ಫೋನಲ್ಲಿ ಜಾಗ ಇರಲಿಲ್ಲ, ಡಿಲೀಟ್ ಮಾಡಿದೆ." ಪಾಸ್‌ವರ್ಡ್? "ಯಾಕೆ ಮಾವ, ಇದು ಪೆನ್ ಡ್ರೈವ್ ಅಂತ ಯಾರಿಗೂ ಗೊತ್ತೇ ಆಗಲ್ವಲ್ಲ."

ಆ ಮಾತಿಗೆ ನನಗೆ ಸಿಟ್ಟು ನೆತ್ತಿಗೇರಿತು. ಗಿರಾಕಿಗಳ ಎದುರೇ ಬೈದೆ. ಮುಖ ಚಿಕ್ಕದು ಮಾಡಿಕೊಂಡು ಹೋದ. ರಾತ್ರಿ ಅಕ್ಕ ಫೋನ್ ಮಾಡಿ, ಹುಡುಗ ಊಟ ಮಾಡಿಲ್ಲ, ಏನಂದೆ ಅವನಿಗೆ ಅಂತ ಕೇಳಿದಳು. ಅವಳಿಗೆ ಫೋನಿನಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಯಾರಿಗೂ ಗೊತ್ತಾಗಲ್ಲ. ಹೌದು. ಅದೇ ನನ್ನ ತಕರಾರು. ಗಮ್ಮಿನ ಡಬ್ಬಿಯೊಳಗೆ ಇಟ್ಟದ್ದನ್ನು ಜನ ಗಮ್ಮಿನ ಡಬ್ಬಿ ಅಂತಲೇ ನೋಡುತ್ತಾರೆ. ಗಮ್ ಮುಗಿದರೆ ಬಿಸಾಡುತ್ತಾರೆ. ಪಕ್ಕದ ಮನೆ ಮಗು ಕೇಳಿದರೆ ಕೊಡುತ್ತಾರೆ. ಅದರಲ್ಲಿ ಅವರ ತಪ್ಪು ಏನಿದೆ? ದಿನಬಳಕೆಯ ವಸ್ತು ಮನೆಯಲ್ಲಿ ನಿಲ್ಲುವುದಿಲ್ಲ. ಸವೆಯುತ್ತದೆ, ಕೈ ಬದಲಾಗುತ್ತದೆ, ಕಸಕ್ಕೆ ಹೋಗುತ್ತದೆ. ಅಂಥದ್ದರೊಳಗೆ ಮನೆಯ ಇಷ್ಟು ವರ್ಷದ ಫೋಟೊಗಳನ್ನು ಇಡುವುದಾ?

ಮತ್ತೆ, ಬಚ್ಚಿಡುವುದು ಯಾರಿಂದ? ಮನೆಗೆ ನುಗ್ಗುವ ಕಳ್ಳ ಬೀರು ನೋಡುತ್ತಾನೆ, ದೇವರ ಕೋಣೆ ನೋಡುತ್ತಾನೆ, ಹಾಸಿಗೆ ಮಗುಚುತ್ತಾನೆ. ಅವನಿಗೆ ಬೇಕಾಗಿರುವುದು ಚಿನ್ನ, ದುಡ್ಡು. ನಾನೂರು ಐನೂರು ರೂಪಾಯಿಯ ಪೆನ್ ಡ್ರೈವ್ ಹುಡುಕಿಕೊಂಡು ಅವನು ಬರುವುದಿಲ್ಲ. ಕೊನೆಗೆ ಅದು ಮರೆಯಾಗುವುದು ಮನೆ ಗುಡಿಸುವವರ ಕಣ್ಣಿಗೆ, ಮೇಜು ಒರೆಸುವವರ ಕಣ್ಣಿಗೆ. ಅಂದರೆ ನಮ್ಮ ಅಮ್ಮ, ಹೆಂಡತಿ, ಚಿಕ್ಕಮ್ಮನ ಕಣ್ಣಿಗೆ.

ಇಷ್ಟು ವರ್ಷದಲ್ಲಿ ಅಂಗಡಿಗೆ ಎಂಥೆಂಥ ಪೆನ್ ಡ್ರೈವ್ ಬಂದಿವೆ. ಪ್ಯಾಂಟಿನ ಜೇಬಲ್ಲಿದ್ದು ವಾಷಿಂಗ್ ಮಷಿನ್ನಿಗೆ ಹೋದದ್ದು ಎಷ್ಟೋ ಸಲ ಚೆನ್ನಾಗಿ ಒಣಗಿಸಿದ ಮೇಲೆ ಓಪನ್ ಆಗಿದೆ. ಪಿನ್ನು ಬಗ್ಗಿದ್ದಕ್ಕೆ ಬೆಸುಗೆ ಹಾಕಿ ಫೈಲ್ ತೆಗೆದುಕೊಟ್ಟಿದ್ದೇನೆ. ಬೋರ್ಡೇ ಹೋಗಿದ್ದರೂ ಮೆಮೊರಿ ಚಿಪ್ ಬೇರೆ ಮಾಡಿ ಓದುವವರು ದೊಡ್ಡ ಊರುಗಳಲ್ಲಿ ಇದ್ದಾರೆ, ದುಡ್ಡು ಜಾಸ್ತಿ ಆಗುತ್ತದೆ ಅಷ್ಟೇ. ಕಸದ ಗಾಡಿ ಹತ್ತಿದ್ದಕ್ಕೆ ಮಾತ್ರ ಯಾರ ಹತ್ತಿರವೂ ಔಷಧಿ ಇಲ್ಲ.

ಅಕ್ಕ ನಿನ್ನೆ ಒಂದು ಮಾತು ಹೇಳಿದಳು. ಅಜ್ಜಿ ಸಾಸಿವೆ ಡಬ್ಬಿಯಲ್ಲಿ ದುಡ್ಡು ಇಡುತ್ತಿರಲಿಲ್ವಾ, ಇದೂ ಹಾಗೇ ಅಲ್ವಾ ಅಂದಳು. ಅಲ್ಲ ಅಕ್ಕ. ಅಜ್ಜಿಯ ಕೈ ದಿನಕ್ಕೆ ಎರಡು ಸಲ ಆ ಡಬ್ಬಿಯೊಳಗೆ ಹೋಗುತ್ತಿತ್ತು. ಒಗ್ಗರಣೆಗೆ ಅಂತ ಮುಚ್ಚಳ ತೆಗೆದಾಗಲೆಲ್ಲ ನೋಟು ಅಲ್ಲೇ ಇದೆಯಾ ಅಂತ ಬೆರಳಿಗೇ ಗೊತ್ತಾಗುತ್ತಿತ್ತು. ಡಬ್ಬಿಯನ್ನು ಅವಳಲ್ಲದೆ ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ಮುಖ್ಯ ಅಂದರೆ, ಅದು ಅಲ್ಲಿದೆ ಅಂತ ಅಮ್ಮನಿಗೆ ಹೇಳಿದ್ದಳು. ಅಜ್ಜಿ ಆಸ್ಪತ್ರೆ ಸೇರಿದ ದಿನ ಅಮ್ಮ ನೇರವಾಗಿ ಅಡುಗೆಮನೆಗೆ ಹೋಗಿ ದುಡ್ಡು ತಂದಿದ್ದು ನೆನಪಿದೆಯಾ?

ಹುಡುಗನ ವಾದ ಬೇರೆ. ಗೂಢಚಾರರು ಹೀಗೇ ಮಾಡುತ್ತಾರಂತೆ. ಮಾಡುತ್ತಾರೆ, ನಿಜ. 1953ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಪೇಪರ್ ಹಾಕುವ ಹುಡುಗನೊಬ್ಬನಿಗೆ ಚಿಲ್ಲರೆಯಲ್ಲಿ ಐದು ಸೆಂಟಿನ ನಾಣ್ಯ ಸಿಕ್ಕಿತು. ಕೈಜಾರಿ ಬಿದ್ದು ಎರಡು ಹೋಳಾಯಿತು. ಒಳಗೆ ಟೊಳ್ಳು, ಟೊಳ್ಳಿನಲ್ಲಿ ಸಾಲು ಸಾಲು ಅಂಕಿಗಳ ಪುಟ್ಟ ಫಿಲ್ಮು. ಸೋವಿಯತ್ ಗೂಢಚಾರನೊಬ್ಬನಿಗೆ ಮಾಸ್ಕೊ ಕಳಿಸಿದ್ದ ಸಂದೇಶ ಅದು. ಎಷ್ಟು ಜಾಣತನದಿಂದ ಮಾಡಿದ್ದರು! ಆದರೆ ನಾಣ್ಯ ನಾಣ್ಯದ ಹಾಗೇ ಕೈಯಿಂದ ಕೈಗೆ ಹೋಯಿತು. ಅಂಕಿಗಳ ಅರ್ಥ ಮಾತ್ರ ನಾಲ್ಕು ವರ್ಷ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐಗೆ ಸಿಗಲಿಲ್ಲ. 1957ರಲ್ಲಿ ಆ ಗೂಢಚಾರನೇ ಪಕ್ಷ ಬದಲಿಸಿ ಅಮೆರಿಕದವರ ಹತ್ತಿರ ಬಂದು ಗುಟ್ಟು ಬಿಟ್ಟುಕೊಟ್ಟ ಮೇಲೆಯೇ ಓದಲು ಆಗಿದ್ದು. ಇದನ್ನು ಅಕ್ಕನ ಮಗನಿಗೆ ಕೂರಿಸಿಕೊಂಡು ಹೇಳಬೇಕು. ಟೊಳ್ಳು ನಾಣ್ಯ ನೆಲಕ್ಕೆ ಬಿದ್ದ ಕ್ಷಣವೇ ಕೈಕೊಟ್ಟಿತು. ನಾಲ್ಕು ವರ್ಷ ಕಾಪಾಡಿದ್ದು ಅಂಕಿಗಳ ಬೀಗ.

2021ರಲ್ಲಿ ಅಮೆರಿಕದ ನೌಕಾಪಡೆಯ ಪರಮಾಣು ಎಂಜಿನಿಯರ್ ಒಬ್ಬ ಗುಟ್ಟಿನ ಮಾಹಿತಿ ಇದ್ದ ಮೆಮೊರಿ ಕಾರ್ಡನ್ನು ಕಡಲೆಕಾಯಿ ಬೆಣ್ಣೆ ಹಚ್ಚಿದ ಬ್ರೆಡ್ಡಿನ ನಡುವೆ ಇಟ್ಟು ಮಾರಲು ಹೋದ. ಇನ್ನೊಂದು ಸಲ ಚ್ಯೂಯಿಂಗ್ ಗಮ್ ಪ್ಯಾಕೆಟ್ಟಿನೊಳಗೆ ಇಟ್ಟ. ಕೊಳ್ಳುವವನ ವೇಷದಲ್ಲಿ ಇದ್ದದ್ದು ಎಫ್‌ಬಿಐ. ಗಂಡ ಹೆಂಡತಿ ಇಬ್ಬರೂ ಜೈಲಿಗೆ ಹೋದರು. ಇಂಥವರ ದಾರಿ ನಮ್ಮ ಮನೆಯ ನಾಮಕರಣದ ಫೋಟೊಗೆ ಯಾಕೆ?

ಬಚ್ಚಿಡಲೇಬೇಕಾದವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಕೆಲವು ವರ್ಷದ ಹಿಂದೆ ಒಬ್ಬ ಹೆಣ್ಣುಮಗಳು ಬಂದು, ಪೆನ್ ಡ್ರೈವ್ ಹಾಗೆ ಕಾಣದ ಪೆನ್ ಡ್ರೈವ್ ಇದೆಯಾ ಅಂತ ಮೆಲ್ಲಗೆ ಕೇಳಿದರು. ಯಾಕೆ ಅಂತ ನಾನು ಕೇಳಲಿಲ್ಲ, ಮೊಣಕೈ ಹತ್ತಿರದ ಗಾಯ ಕಾಣುತ್ತಿತ್ತು. ಅವರಿಗೆ ಹೇಳಿದ್ದೂ ಇದನ್ನೇ. ಇದು ಸಿಕ್ಕಿಬಿದ್ದರೂ ಓದಲು ಆಗದ ಹಾಗೆ ಪಾಸ್‌ವರ್ಡ್ ಹಾಕಿಕೊಡುತ್ತೇನೆ, ಇನ್ನೊಂದು ಕಾಪಿ ತವರಿನಲ್ಲಿ ಇಡಿ, ತಮ್ಮನಿಗೆ ಹೇಳಿಡಿ.

ಈಗ, ನಾನು ಯಾಕೆ ಅಷ್ಟು ಸಿಟ್ಟಾದೆ ಅನ್ನುವುದನ್ನು ಹೇಳಬೇಕು.

ಅಜ್ಜಿ ಹಸೆಗೆ ಕರೆಯುವ ಹಾಡುಗಳನ್ನು ಹಾಡುತ್ತಿದ್ದದ್ದು ನಿಮಗೆಲ್ಲ ನೆನಪಿರುತ್ತದೆ. 2014ರಲ್ಲಿ ಚಿಕ್ಕಪ್ಪನ ಮಗಳ ಮದುವೆ ಆದಮೇಲೆ ಚಿಕ್ಕಪ್ಪ ಅಜ್ಜಿಯನ್ನು ಜಗಲಿಯಲ್ಲಿ ಕೂರಿಸಿಕೊಂಡು ಮಧ್ಯಾಹ್ನದ ಹೊತ್ತು ಒಂದೊಂದೇ ಹಾಡು ಫೋನಿಗೆ ಹಾಡಿಸಿಕೊಂಡರು. ಮೂವತ್ತಕ್ಕಿಂತ ಜಾಸ್ತಿ ಹಾಡು. ಮಧ್ಯೆ ಮಧ್ಯೆ ಅಜ್ಜಿ ನಿಲ್ಲಿಸಿ, ಈ ಸಾಲು ಹೀಗಲ್ಲ ಅಂತ ತಿದ್ದಿಕೊಳ್ಳುತ್ತಿದ್ದಳು. ಹಿಂದೆ ಕೊಟ್ಟಿಗೆಯಿಂದ ಕರು ಕೂಗುವುದೂ ಕೇಳುತ್ತಿತ್ತು. ಎಲ್ಲವನ್ನೂ ಪೆನ್ ಡ್ರೈವಿಗೆ ಹಾಕಿಕೊಟ್ಟವನು ನಾನು. ಅದರಲ್ಲೇ ಚಿಕ್ಕಪ್ಪ ತೋಟದ ಪಹಣಿ, ಹಳೇ ಕ್ರಯಪತ್ರಗಳ ಸ್ಕ್ಯಾನ್ ಕೂಡ ಹಾಕಿಸಿಕೊಂಡಿದ್ದರು. ಪಕ್ಕದ ಊರಲ್ಲಿ ಕಳ್ಳತನ ಆಗಿತ್ತು ಆಗ. ಎಲ್ಲಿಡಲಿ ಮಾರಾಯಾ ಅಂತ ಕೇಳಿದರು.

ಹಳೇ ಟಾರ್ಚಿನೊಳಗೆ ಇಡಿ ಚಿಕ್ಕಪ್ಪ, ಯಾರಿಗೂ ಗೊತ್ತಾಗಲ್ಲ ಅಂದೆ. ನಾನೇ ಅಂದದ್ದು.

ಮೂರು ಸೆಲ್ಲಿನ ಸ್ಟೀಲ್ ಟಾರ್ಚು. ಅಜ್ಜ ರಾತ್ರಿ ತೋಟಕ್ಕೆ ಹಿಡಿದುಕೊಂಡು ಹೋಗುತ್ತಿದ್ದದ್ದು. ಸೆಲ್ ತೆಗೆದು, ಪೆನ್ ಡ್ರೈವಿಗೆ ಬಟ್ಟೆ ಸುತ್ತಿ ಒಳಗಿಟ್ಟು ಮುಚ್ಚಳ ತಿರುಗಿಸಿ ನಾಗಂದಿಗೆಯ ಮೇಲೆ ಇಟ್ಟರು. ನನ್ನ ಅಂಗಡಿಯ ಕಂಪ್ಯೂಟರಿನಲ್ಲೂ ಹಾಡುಗಳ ಕಾಪಿ ಇತ್ತು. 2018ರ ಮಳೆಗಾಲದ ಮುಂಚಿನ ಸಿಡಿಲಿಗೆ ಆ ಹಾರ್ಡ್ ಡಿಸ್ಕ್ ಸುಟ್ಟುಹೋಯಿತು. ಟಾರ್ಚಿನಲ್ಲಿ ಇದೆಯಲ್ಲ ಅಂತ ಸುಮ್ಮನಿದ್ದೆ. ಚಿಕ್ಕಪ್ಪ ಹೋದ ವರ್ಷ ಎದೆನೋವಿನಿಂದ ಇದ್ದಕ್ಕಿದ್ದಂತೆ ತೀರಿಕೊಂಡರು. ಹದಿಮೂರು ದಿನವೂ ನಾನು ಆ ಮನೆಯಲ್ಲೇ ಇದ್ದೆ. ನಾಗಂದಿಗೆಯ ಕೆಳಗೇ ಮಲಗುತ್ತಿದ್ದೆ. ಟಾರ್ಚಿನ ವಿಷಯ ಚಿಕ್ಕಮ್ಮನಿಗೆ ಹೇಳಬೇಕು ಅಂತ ಹೊಳೆಯಲೇ ಇಲ್ಲ.

ಆಯುಧಪೂಜೆಗೆ ಮುಂಚೆ ಚಿಕ್ಕಮ್ಮ ಮನೆ ಸ್ವಚ್ಛ ಮಾಡಿದರು. ತಗಡಿನ ಡಬ್ಬಗಳು, ಮುರಿದ ಛತ್ರಿ, ತುಕ್ಕು ಹಿಡಿದ ಸರಪಳಿ, ಟಾರ್ಚು. ಎಲ್ಲ ಸೇರಿ ಗುಜರಿಯವನು 80 ರೂಪಾಯಿ ಕೊಟ್ಟ. ನನಗೆ ನೆನಪಾಗಿದ್ದು ಅದಾದ ತಿಂಗಳ ಮೇಲೆ. ಗುಜರಿ ಅಂಗಡಿಗೆ ಓಡಿದೆ. ಆತ ಒಳ್ಳೆಯ ಮನುಷ್ಯ, ಎರಡು ತಾಸು ರಾಶಿಯಲ್ಲಿ ಹುಡುಕಲು ಬಿಟ್ಟ. ಸ್ಟೀಲ್ ಮಾಲು ಅಷ್ಟರಲ್ಲಾಗಲೇ ಲಾರಿ ಹತ್ತಿತ್ತು. ಚಿಕ್ಕಮ್ಮ ಇವತ್ತಿಗೂ, ನಾನೇ ಕೊಟ್ಟುಬಿಟ್ಟೆನಲ್ಲ ಅಂತ ಅಳುತ್ತಾರೆ. ಟಾರ್ಚಿನಲ್ಲಿ ಇಡಿ ಅಂದವರು ಯಾರು, ನನಗೆ ಯಾಕೆ ಹೇಳಲಿಲ್ಲ ಅಂತ ಅವರು ಒಂದು ದಿನವೂ ಕೇಳಿಲ್ಲ. ತಪ್ಪು ಅವರದ್ದಲ್ಲ. ಟಾರ್ಚು ಕೆಟ್ಟಿತ್ತು, ಕೊಟ್ಟರು. ಪಹಣಿ ಭೂಮಿ ವೆಬ್‌ಸೈಟಿನಲ್ಲಿ ಮತ್ತೆ ಸಿಕ್ಕಿತು. ಕ್ರಯಪತ್ರದ ನಕಲು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಕ್ಕಿತು. ಅಜ್ಜಿಯ ದನಿ ಯಾವ ಕಚೇರಿಯಲ್ಲೂ ಇಲ್ಲ.

ಇನ್ನೊಂದು ಮಾತು. ಟಾರ್ಚು ಸಿಕ್ಕಿದ್ದರೂ ಹಾಡು ಇರುತ್ತಿತ್ತು ಅನ್ನುವ ಖಾತ್ರಿ ನನಗಿಲ್ಲ. ಪೆನ್ ಡ್ರೈವ್ ಹುಟ್ಟಿದ್ದೇ ಇಲ್ಲಿಂದ ಅಲ್ಲಿಗೆ ಒಯ್ಯುವುದಕ್ಕೆ. 2000ದಲ್ಲಿ ಮೊದಲು ಬಂದವುಗಳಲ್ಲಿ 8 ಎಂಬಿ ಜಾಗ, 1.44 ಎಂಬಿಯ ಫ್ಲಾಪಿ ಹೊತ್ತು ತಿರುಗುತ್ತಿದ್ದವರಿಗೆ ಅದೇ ದೊಡ್ಡದಾಗಿತ್ತು. ಅದರ ಚಿಪ್ಪಿನೊಳಗೆ ಕೋಟಿಗಟ್ಟಲೆ ಪುಟ್ಟ ಗೂಡುಗಳು, ಒಂದೊಂದರಲ್ಲೂ ಚೂರು ವಿದ್ಯುತ್ತು ಹಿಡಿದಿಟ್ಟಿರುತ್ತದೆ. ವರ್ಷಗಟ್ಟಲೆ ಕರೆಂಟು ಕಾಣದೆ ಬಿದ್ದಿದ್ದರೆ ಅದು ಮೆಲ್ಲಗೆ ಸೋರುತ್ತದೆ. ಸೆಕೆ ಜಾಸ್ತಿ ಇದ್ದಲ್ಲಿ ಇನ್ನೂ ಬೇಗ. ಹೆಂಚಿನ ಕೆಳಗಿನ ನಾಗಂದಿಗೆಯಲ್ಲಿ ಬೇಸಿಗೆಯ ಸೆಕೆ ಹೇಗಿರುತ್ತದೆ, ಮಳೆಗಾಲದ ತಂಡಿ ಹೇಗಿರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ.

ಹಾಗಾಗಿ ಮೊದಲು ಇನ್ನೊಂದು ಕಾಪಿ ಮಾಡಿ, ಬೇರೆ ಮನೆಯಲ್ಲಿ ಇಡಿ. ವರ್ಷಕ್ಕೊಮ್ಮೆ ಎರಡನ್ನೂ ಹಾಕಿ ತೆರೆದು ನೋಡಿ. ಬೇರೆಯವರು ನೋಡಬಾರದು ಅನ್ನುವುದಿದ್ದರೆ ಪಾಸ್‌ವರ್ಡಿನ ಬೀಗ ಹಾಕಿ. ಕಂಪ್ಯೂಟರಿನಲ್ಲಿ ವಿಂಡೋಸ್ ಪ್ರೊ ಇದ್ದರೆ ಬೀಗ ಹಾಕುವ ಬಿಟ್‌ಲಾಕರ್ ಅದರಲ್ಲೇ ಇದೆ. ವಿಂಡೋಸ್ ಹೋಮ್ ಇದ್ದರೆ ವೆರಾಕ್ರಿಪ್ಟ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಳ್ಳಿ, ಅದಕ್ಕೆ ದುಡ್ಡಿಲ್ಲ. ಪಾಸ್‌ವರ್ಡ್ ಮರೆತರೆ ತೆರೆಯಲು ಬಿಟ್‌ಲಾಕರ್ 48 ಅಂಕಿಯ ರಿಕವರಿ ಕೀ ಕೊಡುತ್ತದೆ. ಅದನ್ನು ಕಾಗದದ ಮೇಲೆ ಬರೆದು ಮನೆ ಪತ್ರದ ಜೊತೆ ಇಡಿ. ಪೆನ್ ಡ್ರೈವ್ ಮೇಲೆ ದೊಡ್ಡದಾಗಿ ಹೆಸರು ಬರೆದ ಚೀಟಿ ಅಂಟಿಸಿ, ಮನೆಯ ಫೋಟೊ, ಬಿಸಾಡಬೇಡಿ ಅಂತ. ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಅಂಗಡಿಗೆ ತಂದರೆ ನಾನೇ ಮಾಡಿಕೊಡುತ್ತೇನೆ, ಇದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಇವತ್ತು ಬೆಳಿಗ್ಗೆ ಅಕ್ಕನ ಮನೆಗೆ ಹೋಗಿದ್ದೆ. ಬೈದದ್ದು ತಪ್ಪಾಯಿತು ಕಣೋ ಅಂದೆ. ಇಬ್ಬರೂ ಕೂತು ಆ ಗ್ಲೂ ಸ್ಟಿಕ್ಕಿನ ಫೋಟೊಗಳನ್ನೆಲ್ಲ ಎರಡು ಕಡೆ ಕಾಪಿ ಮಾಡಿದೆವು. ಅದರಲ್ಲಿ ಅಜ್ಜಿಯ ಫೋಟೊ ಒಂದಿತ್ತು, ಅದೇ ಮದುವೆಯದ್ದು. ಹಸೆಯ ಪಕ್ಕ ಕೂತು ಬಾಯಿ ತೆರೆದಿದ್ದಾಳೆ, ಹಾಡುತ್ತಿರುವಾಗಲೇ ತೆಗೆದದ್ದು. ಹಿಂದೆ ನಾಲ್ಕೈದು ಜನ ಫೋನ್ ಎತ್ತಿ ಹಿಡಿದು ನಿಂತಿದ್ದಾರೆ.

ಅವರ ಮುಖ ಸರಿಯಾಗಿ ಕಾಣುತ್ತಿಲ್ಲ. 2014ರ ಆ ಮದುವೆಗೆ ಬಂದಿದ್ದವರು ಇದನ್ನು ಓದುತ್ತಿದ್ದರೆ ದಯವಿಟ್ಟು ನಿಮ್ಮ ಹಳೇ ಫೋನು, ಮೆಮೊರಿ ಕಾರ್ಡು ಒಮ್ಮೆ ತೆಗೆದು ನೋಡಿ. ಅರ್ಧ ನಿಮಿಷದ್ದು ಇದ್ದರೂ ಸಾಕು, ದನಿ ಕೇಳಿಸಿದರೆ ಸಾಕು. ಫೋನ್ ಆನ್ ಆಗುತ್ತಿಲ್ಲ ಅಂದರೂ ಬಿಸಾಡಬೇಡಿ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.